ಹನ್ನೊಂದನೇ ಜೆರ್ಸಿಯ ಕರೆ

ಶಾಮಸುಂದರ ಸಾಲ್ಯಾನರ ಮಾತನ್ನು ಈ ಲೋಕದಲ್ಲಿ ಯಾರಾದರೂ ಕೇಳುತ್ತಿದ್ದರು ಅಂದರೆ ಅದು ಶನಿವಾರ ಮಧ್ಯಾಹ್ನ, ರಗ್ಬಿ ಆಟಗಾರರ ಡ್ರೆಸಿಂಗ್ ರೂಮಿನ ಬಾಗಿಲಲ್ಲಿ ಮಾತ್ರ. ಉಳಿದ ದಿನ ಅವರ ಮಾತಿಗೆ ದುಬೈಯ ಕರಾಮದ ಫ್ಲಾಟಿನಲ್ಲಿ ಜೊತೆಗಿದ್ದವರು ಕಿವಿಗೊಡುತ್ತಿರಲಿಲ್ಲ. ಊರಲ್ಲಿ, ಹೆಜಮಾಡಿಯಲ್ಲಿದ್ದ ಹೆಂಡತಿಯಂತೂ ಫೋನಿನಲ್ಲಿ ಅವರು ಪ್ರಶ್ನೆ ಕೇಳುವ ಮೊದಲೇ ಉತ್ತರ ಕೊಟ್ಟು ಮುಗಿಸುತ್ತಿದ್ದಳು. ಶನಿವಾರ ಮಾತ್ರ ಅವರು ಬಾಗಿಲಲ್ಲಿ ನಿಂತು ಒಂದೊಂದೇ ಹೆಸರು ಕೂಗಿದರೆ, ಚೌಕಟ್ಟಿಗೆ ತಲೆ ತಾಗುವಂಥ ಆಳುಗಳು ಶಾಲೆ ಹುಡುಗರ ಹಾಗೆ ಎದ್ದು ಬಂದು ತಮ್ಮ ಜೆರ್ಸಿ ಇಸಿದುಕೊಂಡು ಹೋಗುತ್ತಿದ್ದರು.

ಶಾಮಣ್ಣ ದುಬೈಗೆ ಬಂದದ್ದು ನೈಫ್‌ನ ಒಂದು ಹೋಟೆಲಿನ ಲಾಂಡ್ರಿಗೆ. ಹೋಟೆಲು ಮುಚ್ಚಿತು. ಊರಿಗೆ ಹೋಗಲು ಪೆಟ್ಟಿಗೆ ಕಟ್ಟಿ ಕುಳಿತಿದ್ದವರನ್ನು ಗೆಳೆಯ ಡೆನಿಸ್ ಎಳೆದುಕೊಂಡು ಹೋಗಿ ರಗ್ಬಿ ಕ್ಲಬ್ಬಿಗೆ ಸೇರಿಸಿದ. ಡೆನಿಸ್ ಕಿನ್ನಿಗೋಳಿಯವನು, ಕ್ಲಬ್ಬಿನ ಬಸ್ಸಿನ ಡ್ರೈವರು. ಕ್ಲಬ್ಬಿನ ಹೆಸರು ಕ್ರೀಕ್ ಹೆರನ್ಸ್. ಹೆರನ್ ಅಂದರೆ ಕೊಕ್ಕರೆ. ಬೇರೆ ತಂಡಗಳು ಗಿಡುಗ, ಚಿರತೆ ಎಂದೆಲ್ಲ ಹೆಸರಿಟ್ಟುಕೊಂಡಿರುವಾಗ ಇವರಿಗೆ ಕೊಕ್ಕರೆಯೇ ಯಾಕೆ ಬೇಕಾಯಿತೋ ದೇವರಿಗೇ ಗೊತ್ತು. ಆಡುವುದು ಕೊಲ್ಲಿಯ ರಗ್ಬಿ ಲೀಗಿನ ಎರಡನೇ ಡಿವಿಷನ್ನಿನಲ್ಲಿ, ಅಲ್ಲಿಯೂ ಕೊನೆಯ ಸ್ಥಾನ. ಸಂಬಳ ಕೊಟ್ಟು ಆಡಿಸುವ ಆಟವೇ ಆದರೂ ಆ ಸಂಬಳದಲ್ಲಿ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ; ಆಟಗಾರರೆಲ್ಲ ಬೆಳಗ್ಗೆ ಜಿಮ್ಮಿನಲ್ಲೋ ಶಾಲೆಯ ಮೈದಾನದಲ್ಲೋ ದುಡಿದು ಸಂಜೆ ಅಭ್ಯಾಸಕ್ಕೆ ಬರುವವರು.

ಆಟ ಕಷ್ಟದ್ದೇನಲ್ಲ, ನೋಡುವವರಿಗೆ. ಒಂದೊಂದು ಕಡೆ ಹದಿಮೂರು ಜನ, ಹೊರಗೆ ಕಾಯುವವರು ನಾಲ್ವರು. ಚೆಂಡು ಹಿಡಿದು ಓಡುವವನನ್ನು ಕಬಡ್ಡಿಯ ಹಾಗೆ ತಬ್ಬಿ ಕೆಡವುವುದು. ಆರು ಸಲ ಕೆಡವಿಸಿಕೊಳ್ಳುವುದರೊಳಗೆ ಎದುರಿನ ಗೆರೆ ದಾಟದಿದ್ದರೆ ಚೆಂಡು ಎದುರಾಳಿಗಳಿಗೆ. ಶಾಮಣ್ಣನಿಗೆ ಇದಿಷ್ಟೇ ಗೊತ್ತಿದ್ದದ್ದು, ಇದಿಷ್ಟೇ ಸಾಕಾಗಿತ್ತು. ಅವರ ಕೆಲಸ ಜೆರ್ಸಿಗಳದ್ದು. ಒಗೆದು, ಒಣಗಿಸಿ, ಹರಿದದ್ದು ಹೊಲಿದು, ಪಂದ್ಯದ ದಿನ ನಂಬರಿನ ಕ್ರಮದಲ್ಲಿ ಹೆಸರು ಕರೆದು ಕೈಗೆ ಕೊಡುವುದು. ಹಿಂದೆ ಜೆರ್ಸಿಗಳನ್ನು ಬೆಂಚಿನ ಮೇಲೆ ರಾಶಿ ಹಾಕುತ್ತಿದ್ದರಂತೆ. ಹೆಸರು ಕರೆದು ಕೊಡುವ ಪದ್ಧತಿ ಶಾಮಣ್ಣನದ್ದೇ. ಬಟ್ಟೆಯನ್ನು ಎಸೆಯಬಾರದು, ಕೈಯಿಂದ ಕೈಗೆ ಕೊಡಬೇಕು ಎನ್ನುವುದು ಅವರ ಹಟ. ಒಬ್ಬ ಓಗೊಡದಿದ್ದರೆ ಇನ್ನೊಮ್ಮೆ, ಮತ್ತೂ ಬಾರದಿದ್ದರೆ ಮೂರನೆಯ ಸಲ ಕರೆಯುವುದು. ಮೂರಕ್ಕೂ ಬಾರದವನಿಗೆ ತರಬೇತುದಾರ ಟ್ರೆವರ್‌ನಿಂದ ಬೈಗುಳ.

ಹನ್ನೊಂದನೇ ನಂಬರಿನ ಹುಡುಗ ಫಿಜಿ ದ್ವೀಪದವನು, ಹೆಸರು ಆಪಿಸಾಯಿ. ಬಾಗಿಲಿನಷ್ಟು ಅಗಲ, ಮಾತು ಮಾತ್ರ ಹೆಂಗಸರಿಗಿಂತ ಮೆತ್ತಗೆ. ತಲೆಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದ. ಆ ವಾಸನೆಗೇ ಶಾಮಣ್ಣ ಸೋತದ್ದು. ಅವನನ್ನು ಕರಾಮದ ಮಂಗಳೂರು ಹೋಟೆಲಿಗೆ ಕರೆದುಕೊಂಡು ಹೋಗಿ ನೀರುದೋಸೆ, ಮೀನಿನ ಗಸಿ ತಿನ್ನಿಸಿದರು. "ಅಂಕಲ್, ನಮ್ಮೂರಲ್ಲೂ ಇದೇ ತೆಂಗು, ಇದೇ ಮೀನು. ನೀವೂ ನಮ್ಮವರೇ, ನಮ್ಮನ್ನು ಯಾಕೆ ಬಿಟ್ಟು ಹೋದಿರಿ?" ಎಂದು ಅವನು ಇಂಗ್ಲಿಷಿನಲ್ಲಿ ತಮಾಷೆ ಮಾಡಿದ. ಶಾಮಣ್ಣ ಮತ್ತು ಡೆನಿಸ್ ತುಳುವಿನಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿ ಒಂದು ಪದ ಕಲಿತ. ಆಮೇಲೆ ಹೆಸರು ಕರೆದಾಗ ಉಳಿದವರೆಲ್ಲ 'ಯೆಸ್' ಎಂದರೆ ಅವನೊಬ್ಬ 'ಬತ್ತೆ' ಎನ್ನುತ್ತಿದ್ದ. ಬತ್ತೆ ಅಂದರೆ ಬಂದೆ. ಅದನ್ನು ಕೇಳಿದರೆ ಶಾಮಣ್ಣನ ಮುಖ ಅರಳುತ್ತಿತ್ತು. ಮಕ್ಕಳಿಲ್ಲದ ಮನುಷ್ಯ, ಅವರಿಗೆ ಅದು ಯಾಕೆ ಅಷ್ಟು ಹಿತವಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸೀಸನ್ ಶುರುವಾಗುವ ಮೊದಲು, ಸೆಪ್ಟೆಂಬರಿನ ಸೆಕೆಯಲ್ಲಿ ಆಪಿಸಾಯಿ ಸತ್ತುಹೋದ. ಅಭ್ಯಾಸ ಮುಗಿಸಿ ಒಳಗೆ ಬಂದವನು "ಸ್ವಲ್ಪ ಮಲಗ್ತೇನೆ ಅಂಕಲ್" ಎಂದು ಬೆಂಚಿನ ಮೇಲೆ ಉದ್ದಕ್ಕೆ ಒರಗಿದ. ಪಾಪ, ಸುಸ್ತಾಗಿದ್ದಾನೆ ಎಂದು ಶಾಮಣ್ಣ ಅವನಿಗೊಂದು ಟವೆಲು ಹೊದಿಸಿ, ದೀಪ ಆರಿಸಿ, ಬಾಗಿಲು ಮುಂದೆ ಮಾಡಿ ಹೋದರು. ಮತ್ತೆ ಬಂದು ಎಬ್ಬಿಸಿದರೆ ಮೈ ತಣ್ಣಗಿತ್ತು. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು, ಪಕ್ಕದಲ್ಲಿ ಡಾಕ್ಟರೇ ಇದ್ದರೂ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯವರು. ಆ ಮಾತು ಎಲ್ಲರಿಗೂ ಸಮಾಧಾನ ಕೊಟ್ಟಿತು, ಶಾಮಣ್ಣನೊಬ್ಬರನ್ನು ಬಿಟ್ಟು. ಪೆಟ್ಟಿಗೆ ವಿಮಾನ ಹತ್ತಿ ಫಿಜಿಗೆ ಹೋಯಿತು.

ಇನ್ನು ಅವರು ಮಾಡಿದ ತಪ್ಪು. ಮೊದಲ ಪಂದ್ಯದ ದಿನ ಶಾಮಣ್ಣ ಎಂದಿನಂತೆ ಬಾಗಿಲಲ್ಲಿ ನಿಂತು ಹೆಸರು ಕರೆಯತೊಡಗಿದರು. ಅವರು ಚೀಟಿ ನೋಡಿ ಕರೆಯುವವರಲ್ಲ, ಎಲ್ಲ ಬಾಯಿಪಾಠ. ಚೀಲದೊಳಗೆ ಬಗ್ಗಿ ಜೆರ್ಸಿ ತೆಗೆಯುತ್ತ, ಹತ್ತು ಆಯಿತು, "ಆಪಿಸಾಯಿ" ಎಂದರು. ಉತ್ತರವಿಲ್ಲ. ತಲೆ ಎತ್ತದೆ ಮತ್ತೊಮ್ಮೆ, "ಆಪಿಸಾಯಿ." ಮೂರನೆಯ ಸಲ ಸ್ವಲ್ಪ ಗದರಿಸಿಯೇ ಕರೆದರು. ತಲೆ ಎತ್ತಿದರೆ ಎಲ್ಲರೂ ಅವರನ್ನೇ ನೋಡುತ್ತಿದ್ದಾರೆ. ಕೈಯಲ್ಲಿ ಹನ್ನೊಂದನೇ ಜೆರ್ಸಿ.

ಆಟಗಾರರು ಅದನ್ನು ಶ್ರದ್ಧಾಂಜಲಿ ಎಂದುಕೊಂಡರು. ನಾಯಕ ಎದ್ದು ಬಂದು, ಕಣ್ಣೀರು ಒರೆಸಿಕೊಂಡು, ಜೆರ್ಸಿಯನ್ನು ಆಪಿಸಾಯಿಯ ಗೂಟಕ್ಕೆ ನೇತುಹಾಕಿದ. ಎಲ್ಲರೂ ಅದನ್ನು ಮುಟ್ಟಿ ಹೊರಗೆ ಹೋದರು. ಹೋಗಿ ಗೆದ್ದರು. ಕೊಕ್ಕರೆಗಳು ಗೆದ್ದು ಎಷ್ಟು ಕಾಲವಾಗಿತ್ತೋ! ಟ್ರೆವರ್ ಉತ್ತರ ಇಂಗ್ಲೆಂಡಿನವನು, ಹೊಗಳಿಕೆ ಅವನ ಬಾಯಿಂದ ಬರುವುದೇ ಅಪರೂಪ. ಅವನು ಶಾಮಣ್ಣನ ಹೆಗಲು ತಟ್ಟಿ, "ಇನ್ನು ಪ್ರತಿ ಪಂದ್ಯಕ್ಕೂ ಹೀಗೇ ಕರೆ" ಎಂದ.

ಬಸ್ಸಿನಲ್ಲಿ ಶಾಮಣ್ಣ ಡೆನಿಸ್‌ನ ಹಿಂದಿನ ಸೀಟಿನಲ್ಲಿ ಕುಳಿತು ಮೆಲ್ಲಗೆ ವಿಷಯ ಹೇಳಿದರು.

"ಎಷ್ಟು ಸಲ ಕರೆದದ್ದು?" ಡೆನಿಸ್ ಕನ್ನಡಿಯಲ್ಲಿ ಅವರ ಮುಖ ನೋಡಿದ.

"ಮೂರು."

"ಬಾಗಿಲಲ್ಲಿ ನಿಂತು?"

"ಹೌದು ಮಾರಾಯ."

"ಎಂತ ಮಾಡಿದಿರಿ ಶಾಮಣ್ಣ ನೀವು!"

ಡೆನಿಸ್ ಇಗರ್ಜಿಗೆ ಹೋಗುವವನಾದರೂ ಹುಟ್ಟಿ ಬೆಳೆದದ್ದು ತುಳುವರ ನಡುವೆ. ಆ ಕಡೆ ಸತ್ತವರ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಮನೆಯೊಳಗೆ ಎಲೆ ಹಾಕಿ ಬಡಿಸಿ, ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಮೂರು ಸಲ ಕರೆಯುತ್ತಾರೆ. ಹೊರಗೆ ಅಲೆಯುತ್ತಿದ್ದ ಜೀವವನ್ನು ಒಳಗೆ ಬರಮಾಡಿಕೊಂಡು ಹಿಂದೆ ಹೋದ ಹಿರಿಯರ ಜೊತೆ ಸೇರಿಸುವ ಕರೆ ಅದು. ತಂದೆ ತೀರಿಕೊಂಡಾಗ ಶಾಮಣ್ಣನೇ ಕರೆದಿದ್ದರು. ಆದರೆ ಅಲ್ಲಿ ಮನೆಯಿತ್ತು, ಕಾಯುತ್ತಿದ್ದ ಹಿರಿಯರಿದ್ದರು. ಇಲ್ಲಿ ಏನಿದೆ? ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದ ಡ್ರೆಸಿಂಗ್ ರೂಮು. ಬಂದ ಹುಡುಗ ಯಾರ ಜೊತೆ ಸೇರಬೇಕು, ಎಲ್ಲಿ ಕೂರಬೇಕು?

"ಅವ ಫಿಜಿಯವ. ನಮ್ಮ ಕಟ್ಟಳೆ ಅವನಿಗೆ ತಾಗುದಿಲ್ಲ" ಎಂದ ಡೆನಿಸ್. ಎರಡು ಸಿಗ್ನಲ್ ದಾಟಿದ ಮೇಲೆ, "ಬತ್ತೆ ಅಂತ ಹೇಳ್ಲಿಕ್ಕೆ ಕಲಿಸಿದ್ದು ಮಾತ್ರ ನಾವೇ" ಎಂದೂ ಸೇರಿಸಿದ.

ತಾಗಿತು ಎನ್ನುವುದಕ್ಕೆ ಸಾಕ್ಷಿ ಕೇಳಿದರೆ ಶಾಮಣ್ಣನ ಹತ್ತಿರ ದೊಡ್ಡದೇನೂ ಇರಲಿಲ್ಲ. ಪಂದ್ಯ ಮುಗಿದ ಮೇಲೆ ಗೂಟದಿಂದ ತೆಗೆದ ಹನ್ನೊಂದನೇ ಜೆರ್ಸಿ, ಯಾರೂ ತೊಡದ ಜೆರ್ಸಿ, ಕುತ್ತಿಗೆಯ ಹತ್ತಿರ ಒದ್ದೆಯಾಗಿರುತ್ತಿತ್ತು. ಮೂಗಿಗೆ ಹಿಡಿದರೆ ತೆಂಗಿನೆಣ್ಣೆ. ಎ.ಸಿ.ಯ ನೀರು ತೊಟ್ಟಿಕ್ಕಿರಬೇಕು ಎಂದು ಡೆನಿಸ್ ಮೇಲೆ ನೋಡಿದ. ಎ.ಸಿ. ಇದ್ದದ್ದು ಎದುರು ಗೋಡೆಯಲ್ಲಿ. ಒಮ್ಮೆ ಶಾಮಣ್ಣ ಒಬ್ಬರೇ ಬೂಟುಗಳ ಕೆಸರು ಕೆರೆಯುತ್ತಿದ್ದಾಗ, ಭಾರದ ಮನುಷ್ಯ ಕುಳಿತರೆ ಆಗುವ ಹಾಗೆ ಬೆಂಚು ಕಿರುಗುಟ್ಟಿತು. ಅವರು ತಿರುಗಿ ನೋಡಲಿಲ್ಲ. ಹೆದರಿಕೆಯಾಯಿತು, ನಿಜ. ಹೆದರಿಕೆಯ ಅಡಿಯಲ್ಲಿ ಇನ್ನೊಂದು ಇತ್ತು. ಅದನ್ನು ಅವರು ಡೆನಿಸ್‌ಗೂ ಹೇಳಲಿಲ್ಲ. ಅವರಿಗೆ ಖುಷಿಯಾಗುತ್ತಿತ್ತು. ಕೆಸರು ಕೆರೆಯುತ್ತಲೇ ಅವರು ತುಳುವಿನಲ್ಲಿ ಅದೂ ಇದೂ ಮಾತಾಡತೊಡಗಿದರು: ಇವತ್ತು ಮೀನು ಚೆನ್ನಾಗಿರಲಿಲ್ಲ, ಹೆಂಡತಿಗೆ ಮೊಣಕಾಲು ನೋವು, ಹದಿಮೂರನೇ ನಂಬರಿನವನು ಜೆರ್ಸಿಯನ್ನು ಮತ್ತೆ ಹರಿದುಕೊಂಡ.

ಹೆರನ್ಸ್ ಗೆಲ್ಲುತ್ತ ಹೋಯಿತು. ಶಾರ್ಜಾದವರನ್ನು ಅವರ ಮೈದಾನದಲ್ಲೇ ಬಡಿದರು. ಕ್ರಿಸ್ಮಸ್ ಹೊತ್ತಿಗೆ ಮಧ್ಯಕ್ಕೆ ಬಂದರು, ಫೆಬ್ರವರಿಗೆ ಎರಡನೆಯ ಸ್ಥಾನಕ್ಕೆ. ಮೇಲಿನ ಡಿವಿಷನ್ನಿಗೆ ಹೋಗುವುದು ಒಂದೇ ತಂಡ. ಅಬುಧಾಬಿಯವರ ವಿರುದ್ಧ ಕೊನೆಯ ಪಂದ್ಯ ಗೆದ್ದರೆ ಇವರೇ. ಜಿಮ್ಮಿನ ಕೆಲಸ ಬಿಟ್ಟು ಆಟವನ್ನೇ ನಂಬಿ ಬದುಕಬಹುದು ಎಂದು ಹುಡುಗರು ಕನಸು ಕಾಣತೊಡಗಿದರು. ಶಾಮಣ್ಣನ ಮೂರು ಕರೆಯ ಕ್ಷಣವನ್ನು ನಾಯಕ ಫೋನಿನಲ್ಲಿ ಹಿಡಿದು ಫೇಸ್‌ಬುಕ್ಕಿಗೆ ಹಾಕಿದ. ಎಲ್ಲೆಲ್ಲಿಯವರೋ ನೋಡಿದರು.

ಹಾಗೆ ನೋಡಿದವರಲ್ಲಿ ಒಬ್ಬಳು ಆಪಿಸಾಯಿಯ ತಾಯಿ ಲಿತಿಯಾ. ನಂಬರು ಹುಡುಕಿ ಒಂದು ಬೆಳಗ್ಗೆ ಶಾಮಣ್ಣನಿಗೆ ಫೋನು ಮಾಡಿದಳು. ಇಬ್ಬರದ್ದೂ ಮುರುಕು ಇಂಗ್ಲಿಷು, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು.

"ನೀವು ನನ್ನ ಮಗನನ್ನು ಕರೆಯುವುದನ್ನು ನೋಡಿದೆ. ಮೂರನೆಯ ಕರೆಗೆ ಅವನು ಓಗೊಡುತ್ತಾನಲ್ಲ, ಆ ಪದದ ಅರ್ಥವೇನು?"

ಶಾಮಣ್ಣ ಫೋನನ್ನು ಕಿವಿಗೆ ಒತ್ತಿಕೊಂಡರು. "ಯಾವ ಪದ?"

"ಬತ್ತೆ. ಅವನ ದನಿ ನನಗೆ ಗೊತ್ತಾಗುವುದಿಲ್ಲವೇ?"

ಶಾಮಣ್ಣ ಆ ವಿಡಿಯೋವನ್ನು ಎಷ್ಟೋ ಸಲ ನೋಡಿದ್ದರು. ಅದರಲ್ಲಿ ಮೂರನೆಯ ಕರೆಯ ನಂತರ ಇದ್ದದ್ದು ಮೌನ ಮಾತ್ರ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬಂದೆ ಅಂತ ಅರ್ಥ, ಅಮ್ಮಾ" ಎಂದರು.

ಆಮೇಲೆ ಲಿತಿಯಾ ಹೇಳಿದಳು: "ನಮ್ಮಲ್ಲಿ ನೂರು ರಾತ್ರಿ ಶೋಕ ಕಾಯುತ್ತೇವೆ. ಅದೂ ಮುಗಿಯಿತು. ನನ್ನ ಗಂಡ ಸತ್ತಾಗ ಅಷ್ಟರೊಳಗೆ ಕನಸಿಗೆ ಬಂದು ಊಟ ಕೇಳಿದ್ದ. ಮಗ ಒಂದು ಸಲವೂ ಬರಲಿಲ್ಲ. ಪೆಟ್ಟಿಗೆ ಬಂತು, ಅವನು ಬರಲಿಲ್ಲ. ಅವನು ನಿಮ್ಮ ಹತ್ತಿರ ಇದ್ದಾನೆಯೇ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ. ಪಕ್ಕದ ಮನೆಗೆ ಆಡಲು ಹೋದ ಮಗುವನ್ನು ಕೇಳಿದಂತೆ ಕೇಳಿದಳು. ಶಾಮಣ್ಣನಿಗೆ ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ತಾಯಿಯ ಬಾಗಿಲಿಗೆ ಹೋಗಬೇಕಾದವನನ್ನು ಇಲ್ಲಿ ಬೆವರಿನ ಬೆಂಚಿನ ಮೇಲೆ ಕೂರಿಸಿಕೊಂಡು ಮೀನಿನ ಸುದ್ದಿ ಹೇಳುತ್ತಿದ್ದೇನಲ್ಲ ಎಂದುಕೊಂಡರು. ಅವಳಿಗೆ ಎಲ್ಲವನ್ನೂ ಹೇಳಿದರು, ಟವೆಲಿನ ವಿಷಯವನ್ನೂ.

"ಕರೆಯಬೇಕಾದವರು ಮನೆಯಿದ್ದವರು, ಅಮ್ಮಾ. ನನಗೆ ಇಲ್ಲಿ ಮನೆಯಿಲ್ಲ. ನೀವು ಕರೆಯಿರಿ. ಒಳಗೆ ಊಟ ಬಡಿಸಿಟ್ಟು, ಬಾಗಿಲಲ್ಲಿ ನಿಂತು, ಹೆಸರು ಹಿಡಿದು ಮೂರು ಸಲ."

"ನಮ್ಮ ಪಾದ್ರಿ ಒಪ್ಪುವುದಿಲ್ಲ."

"ನಮ್ಮ ಡ್ರೈವರಿನ ಪಾದ್ರಿಯೂ ಒಪ್ಪುವುದಿಲ್ಲ" ಎಂದರು ಶಾಮಣ್ಣ. ಲಿತಿಯಾ ನಕ್ಕಳು. ಮಗನ ನಗುವೇ.

ನೆಂಟರೆಲ್ಲ ಸೇರುವ ದಿನ ಕರೆಯುತ್ತೇನೆ, ಬರುವ ಶನಿವಾರ ಸಂಜೆ, ಎಂದಳು. ಕೊನೆಯ ಪಂದ್ಯವೂ ಅದೇ ಶನಿವಾರ. ಶಾಮಣ್ಣ ಅದನ್ನು ಹೇಳಲಿಲ್ಲ. ಹೇಳಿದ್ದು ಇಷ್ಟೇ: "ನೀವು ಕರೆದ ಮೇಲೆ ನಾನು ಕರೆಯುವುದಿಲ್ಲ. ಎರಡು ಕಡೆಯಿಂದ ಕರೆದರೆ ಹುಡುಗ ಯಾವ ಕಡೆಗೆ ಹೋದಾನು?"

ಶನಿವಾರ ಬಸ್ಸು ಗಂತೂತ್ ದಾಟಿ ಅಬುಧಾಬಿಯ ಕಡೆ ಓಡುತ್ತಿದ್ದಾಗ ಫೋನು ಬಂತು. ಫಿಜಿಯಲ್ಲಿ ಆಗ ಸೂರ್ಯ ಮುಳುಗುವ ಹೊತ್ತು. ಲಿತಿಯಾ ಫೋನನ್ನು ಎಲ್ಲೋ ಇಟ್ಟಿರಬೇಕು. ಕೋಳಿಯ ಸದ್ದು, ಸಮುದ್ರದ ಸದ್ದು, ಹೆಂಗಸರ ಪಿಸುಮಾತು ಕೇಳಿತು. ಆಮೇಲೆ ಗಂಟಲು ಎತ್ತಿ ಅವಳು ಕರೆದಳು. "ಆಪಿಸಾಯಿ, ಲಾಕೊ ಮೈ." ಭಾಷೆ ಬಾರದಿದ್ದರೂ ಅದು 'ಬಾ' ಎಂದು ಯಾರಿಗಾದರೂ ತಿಳಿಯುತ್ತಿತ್ತು. ಮೂರನೆಯ ಕರೆಗೆ ಅವಳ ದನಿ ಒಡೆಯಿತು. ಫೋನು ಕಟ್ಟಾಯಿತು.

"ಇವತ್ತು ನೀವು ಕರೆಯದಿದ್ರೆ ಈ ಹುಡುಗರು ನಿಮ್ಮನ್ನು ಬಿಡ್ತಾರಾ?" ಡೆನಿಸ್ ಕೇಳಿದ.

"ಬಿಡದಿದ್ರೆ ಬೇಡ. ನನಗೆ ಹುಡುಗರದ್ದಲ್ಲ ಹೆದರಿಕೆ, ಡೆನಿಸ. ನನ್ನ ಬಾಯಿದ್ದೇ ಹೆದರಿಕೆ."

ನಿಜಕ್ಕೂ ಅಷ್ಟೇ. ಅಬುಧಾಬಿಯ ಡ್ರೆಸಿಂಗ್ ರೂಮು ದೊಡ್ಡದಿತ್ತು, ಹೊಳೆಯುತ್ತಿತ್ತು. ಹೊರಗೆ ಜನರ ಗದ್ದಲ. ಶಾಮಣ್ಣ ಬಾಗಿಲಲ್ಲಿ ನಿಂತು ಕರೆಯತೊಡಗಿದರು. ಒಂದು, ಎರಡು, ಮೂರು. ಒಬ್ಬೊಬ್ಬರಾಗಿ ಬಂದು ಇಸಿದುಕೊಂಡರು. ಹತ್ತನೆಯವನು ಹೋಗಿ ಕುಳಿತ. ಎಲ್ಲರೂ ಎದ್ದು ನಿಂತರು, ಪ್ರತಿ ಶನಿವಾರ ನಿಲ್ಲುವಂತೆ. ಕೆಲವರು ಕಣ್ಣು ಮುಚ್ಚಿಕೊಂಡರು.

ಹೆಸರು ಗಂಟಲಿಗೆ ಬಂದು ನಿಂತಿತ್ತು. ಒಮ್ಮೆ ಕರೆದರೆ ಏನಾಯಿತು ಎಂದಿತು ಮನಸ್ಸು. ಇನ್ನೂ ದೂರ ಹೋಗಿರಲಿಕ್ಕಿಲ್ಲ. ಕರೆದರೆ ತಿರುಗಿ ಬಂದಾನು. ಎಂದಿನ ಹಾಗೆ ಬೆಂಚು ಕಿರುಗುಟ್ಟೀತು. ಹುಡುಗರ ಗೆಲುವಿಗಲ್ಲ, ಅವರಿಗಾಗಿಯೇ ಅವರಿಗೆ ಕರೆಯಬೇಕಾಗಿತ್ತು. ಈ ಊರಿನಲ್ಲಿ ಅವರ ಕರೆಗೆ ಅವರ ಭಾಷೆಯಲ್ಲಿ ಓಗೊಟ್ಟವರು ಬೇರೆ ಯಾರಿದ್ದರು?

"ಶಾಮ್" ಎಂದ ಟ್ರೆವರ್ ಮೆಲ್ಲಗೆ. "ಪ್ಲೀಸ್."

ಶಾಮಣ್ಣ ಹನ್ನೆರಡನೆಯವನ ಹೆಸರು ಕರೆದರು.

ಯಾರೂ ಅಲುಗಾಡಲಿಲ್ಲ. ಹನ್ನೆರಡನೆಯ ಹುಡುಗ ನಾಯಕನ ಮುಖ ನೋಡಿದ. ಶಾಮಣ್ಣ ಎರಡನೆಯ ಸಲ ಅವನನ್ನೇ ಕರೆದರು. ಅವನು ಬಂದು, ಅವರ ಕಣ್ಣು ನೋಡದೆ, ಜೆರ್ಸಿ ಎಳೆದುಕೊಂಡು ಹೋದ. ಹನ್ನೊಂದನೆಯದು ಎಲ್ಲಿ ಎಂದು ನಾಯಕ ಸಿಟ್ಟಿನಿಂದ ಕೇಳಿದ. ತಾಯಿಗೆ ಕಳಿಸಿದೆ ಎಂದರು ಶಾಮಣ್ಣ. ಅದು ನಿಜವೇ ಆಗಿತ್ತು. ಹಿಂದಿನ ದಿನವೇ ಪಾರ್ಸೆಲ್ ಮಾಡಿದ್ದರು.

ಹೆರನ್ಸ್ ಎರಡು ಅಂಕದಿಂದ ಸೋತಿತು. ಕೊನೆಯ ಗಳಿಗೆಯಲ್ಲಿ ನಾಯಕ ಚೆಂಡು ಹಿಡಿದು ಗೆರೆಯ ಹತ್ತಿರ ಹೋಗಿ, ಬಲಗಡೆಗೆ, ಆಪಿಸಾಯಿ ಯಾವಾಗಲೂ ಓಡಿ ಬರುತ್ತಿದ್ದ ಕಡೆಗೆ, ನೋಡದೆಯೇ ಚೆಂಡು ಎಸೆದ. ಅಲ್ಲಿ ಯಾರೂ ಇರಲಿಲ್ಲ. ಇಡೀ ಸೀಸನ್ ಅವನು ಹಾಗೆ ಎಸೆದಾಗಲೆಲ್ಲ ಯಾರಾದರೊಬ್ಬರು ಅಲ್ಲಿರುತ್ತಿದ್ದರು. ಚೆಂಡು ಉರುಳಿಕೊಂಡು ಹೊರಗೆ ಹೋದದ್ದನ್ನು ಶಾಮಣ್ಣ ಬಾಟಲಿಗಳ ಪೆಟ್ಟಿಗೆಯ ಪಕ್ಕ ನಿಂತು ನೋಡಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ಅವರ ಹತ್ತಿರ ಮಾತಾಡಲಿಲ್ಲ. ಟ್ರೆವರ್ ಮಾತ್ರ ಇಳಿಯುವಾಗ, "ನನಗೆ ಅರ್ಥವಾಗುವುದಿಲ್ಲ, ಶಾಮ್" ಎಂದ. ಬೈಗುಳವಾಗಿರಲಿಲ್ಲ ಅದು, ದುಃಖ.

ಸೋಮವಾರ ಶಾಮಣ್ಣ ಕರಾಮದ ಫ್ಲಾಟಿನಲ್ಲಿ ಚಾ ಮಾಡುತ್ತಿದ್ದಾಗ ಲಿತಿಯಾ ಫೋನು ಮಾಡಿದಳು. ಅವಳ ದನಿಯಲ್ಲೇ ವಿಷಯ ಗೊತ್ತಾಯಿತು.

"ಬಂದ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. ಸೊರಗಿದ್ದಾನೆ. ಎರಡು ಸಲ ಬಡಿಸಿಕೊಂಡು ತಿಂದ. ನಿನ್ನೆ ರಾತ್ರಿಯೂ ಬಂದ." ಅವಳು ಅಳುತ್ತ ನಗುತ್ತಿದ್ದಳು. ಶಾಮಣ್ಣನೂ ಒಲೆ ಆರಿಸಿ, ನೆಲದ ಮೇಲೆ ಕುಳಿತು, ಸದ್ದಾಗದ ಹಾಗೆ ಅತ್ತರು. ಹುಡುಗ ಮನೆ ಸೇರಿದ. ಅವರ ಪಾಲಿಗೆ ಆಪಿಸಾಯಿ ನಿಜವಾಗಿ ಸತ್ತದ್ದು ಆ ಸೋಮವಾರ.

ಫೋನು ಇಡುವ ಮೊದಲು ಲಿತಿಯಾ ಕೇಳಿದಳು: "ಅವನು ಊಟ ಮಾಡುತ್ತ ಒಂದೇ ಮಾತು ಕೇಳುತ್ತಾನೆ. ಶನಿವಾರ ಏನಾಯಿತು ಅಂತ. ಏನೋ ಪಂದ್ಯವಿತ್ತಂತೆ, ನನಗೇನು ಗೊತ್ತು? ನಿಮ್ಮವರು ಗೆದ್ದರೇ?"

"ಗೆದ್ದೆವು, ಅಮ್ಮಾ" ಎಂದರು ಶಾಮಣ್ಣ.

"ಒಳ್ಳೆಯದಾಯಿತು. ಇವತ್ತು ಬಂದಾಗ ಹೇಳುತ್ತೇನೆ" ಎಂದಳು ಅವಳು.